ಮಬ್ಬುಗತ್ತಲಿನ ಕೊನೆಯ ಚೆಂಡು

ಈ ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಆ ಆಟಗಾರ ಹೆದರಲಿಲ್ಲ, ಅದಕ್ಕೇ ಕದಲಲಿಲ್ಲ. ನೂರು ವರ್ಷಕ್ಕೂ ಹಿಂದೆ ಇಲ್ಲಿ ಸಂಬಳ ಕೊಟ್ಟು ಆಡಿಸುವ ಬೇಸ್‌ಬಾಲ್ ತಂಡವೊಂದಿತ್ತು. ಒಂದು ಬೇಸಿಗೆಯ ಹಂಗಾಮು ಸೋಲು ಗೆಲುವಿನ ನಡುವೆ ತೂಗಾಡುತ್ತ ಕೊನೆಯ ಪಂದ್ಯದ ಕೊನೆಯ ಗಳಿಗೆಗೆ ಬಂದು ನಿಂತಿತು. ಸಂಜೆಯಾಗಿತ್ತು. ಎಸೆದ ಚೆಂಡು ಬ್ಯಾಟು ಹಿಡಿದವನ ತಲೆಗೆ ಬಡಿಯಿತು. ಮೈಗೆ ಚೆಂಡು ತಾಗಿದವನಿಗೆ ಮೊದಲ ಬೇಸ್, ಅಂದರೆ ಓಟದ ಮೊದಲ ಠಾಣ್ಯ, ಪುಕ್ಕಟೆ ಸಿಗುತ್ತದೆ. ಆ ಮೊದಲನೆಯದೂ ಸೇರಿ ಮೂರೂ ಠಾಣ್ಯಗಳಲ್ಲಿ ಆಗಲೇ ಅವನ ತಂಡದವರು ನಿಂತಿದ್ದರು. ಎಲ್ಲರೂ ಒಂದೊಂದು ಸರಿದರು, ಒಬ್ಬ ಕೊನೆ ಮುಟ್ಟಿದ, ತಂಡ ಗೆದ್ದಿತು. ಪೆಟ್ಟು ತಿಂದವನು ಮೊದಲ ಠಾಣ್ಯದವರೆಗೆ ನಡೆದು ಬಿದ್ದ. ಮತ್ತೆ ಏಳಲಿಲ್ಲ. ಊರಿಗಾಗಿ ತಲೆ ಕೊಟ್ಟ ಎಂದು ಈಗಲೂ ಹೇಳುತ್ತಾರೆ.

ನಾನು ಒಪ್ಪುವುದಿಲ್ಲ. ಆ ಕಾಲದಲ್ಲಿ ಇಡೀ ಪಂದ್ಯಕ್ಕೆ ಹೆಚ್ಚುಕಡಿಮೆ ಒಂದೇ ಚೆಂಡು. ಎಸೆಯುವವರು ಅದಕ್ಕೆ ತಂಬಾಕಿನ ಎಂಜಲು ಉಗುಳಿ, ಮಣ್ಣು ತಿಕ್ಕಿ, ಸಂಜೆಯ ಹೊತ್ತಿಗೆ ನಮ್ಮ ಎರೆಹೊಲದ ಹೆಂಟೆಯಂತೆ ಕರಿ ಮಾಡಿರುತ್ತಿದ್ದರು. ಮೈದಾನಕ್ಕೆ ದೀಪವಿಲ್ಲ. ಕಾಣದ್ದಕ್ಕೆ ಯಾರು ಹೆದರುತ್ತಾರೆ, ಯಾರು ಬಗ್ಗುತ್ತಾರೆ? ಅವನು ಧೈರ್ಯದಿಂದ ನಿಂತ ಎನ್ನುವುದಕ್ಕೆ ಇರುವ ಪುರಾವೆ, ಅವನು ನಿಂತಿದ್ದ ಎನ್ನುವುದೊಂದೇ.

ಸಿಂದಗಿಯ ಕಾಲೇಜಿನಿಂದ ಹೊರಟು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ವೇದಿಕೆಗಳ ಮೇಲೆ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಢಾಲು ತಂದವಳು ನಾನು. ಆ ಚಟವೇ ನನ್ನನ್ನು ಅಮೆರಿಕದ ಈ ಸಣ್ಣ ಊರಿನ ವಿಶ್ವವಿದ್ಯಾಲಯಕ್ಕೆ ತಂದಿತು. ಇಲ್ಲಿ ಹುಡುಗರಿಗೆ ಚರ್ಚಾಸ್ಪರ್ಧೆಯ ತಾಲೀಮು ಕೊಡುತ್ತೇನೆ, ಜೊತೆಗೆ ಓದುತ್ತೇನೆ.

ಬಂದ ಮರುದಿನವೇ ಮಟಮಟ ಮಧ್ಯಾಹ್ನ ಊರೆಲ್ಲ ಮೊಳಗುವ ಸೈರನ್ ಕೂಗಿತು. ಯುದ್ಧವೋ ಏನೋ ಎಂದು ಬೀದಿಗೆ ಓಡಿದರೆ ಬೀದಿ ಖಾಲಿ. ಆಚೆ ತಿರುವಿನಿಂದ ನೂರು ವರ್ಷದ ಹಿಂದಿನ ಉಣ್ಣೆಯಂಗಿ, ಮೊಣಕಾಲಿನವರೆಗೆ ಕಾಲುಚೀಲ ತೊಟ್ಟ ಗಂಡಸರ ಗುಂಪೊಂದು ಸದ್ದಿಲ್ಲದೆ ನಡೆದು ಬಂತು. ನಾನು ಗೋಡೆಗೆ ಆತುಕೊಂಡೆ. ಗುಂಪಿನೊಳಗಿಂದ ಒಬ್ಬ ಹಿರಿಯರು ಕೈಯೆತ್ತಿದರು: "ಯಾಕವಾ, ಅಂಜಿದೇನ? ಸುಂಟರಗಾಳಿ ಭೋಂಗಾ ಅದು. ಬರೇ ಟೆಸ್ಟಿಂಗ್ ಮಾಡಾಕತ್ತಾರ."

ನಾನು ಬಾಡಿಗೆಗಿರುವ ಮನೆಯ ಯಜಮಾನರು ಅವರು, ಮುದ್ದೇಬಿಹಾಳದ ಕಾಕಾ. ರಕ್ತಸಂಬಂಧವಿಲ್ಲ, ನಮ್ಮಪ್ಪನ ಪರಿಚಯದವರು. ಔಷಧ ಅಂಗಡಿಯಲ್ಲಿ ದುಡಿದು ನಿವೃತ್ತರಾದವರು. ಅವರು, ಅವರ ಹೆಂಡತಿ ಕಾಕು ಮೇಲೆ. ನೆಲಮಾಳಿಗೆಯ ಕೋಣೆಯಲ್ಲಿ ನಾನು. ಉಣ್ಣೆಯಂಗಿಯ ಗುಂಪು ಹಳೆಯ ತಂಡದ ಆ ಹಂಗಾಮನ್ನು ಪ್ರತಿ ಬೇಸಿಗೆ ಹಳೆಯ ನಿಯಮದಲ್ಲೇ ಮತ್ತೆ ಆಡಿ ತೋರಿಸುವ ಕ್ಲಬ್ಬು.

ನಮ್ಮೂರಿನ ಅಂಜಿಕೆಗೂ ಇಲ್ಲಿನ ಅಂಜಿಕೆಗೂ ವ್ಯತ್ಯಾಸವಿದೆ. ಅಲ್ಲಿ ಅದಕ್ಕೊಂದು ಮುಖವಿರುತ್ತಿತ್ತು: ತೊಗರಿ ಹೊಲದ ಹಾವು, ಝಳಕಿಯ ಹೆದ್ದಾರಿ ದಾಟುವಾಗ ಮೈಮೇಲೆ ಬರುವ ಲಾರಿ. ಇಲ್ಲಿ ಯಾರೂ ಇಲ್ಲದ ಬೀದಿಯೇ ಅಂಜಿಕೆ. ಬಾಗಿಲ ಮುಂದೆ ಪೋರ್ಚ್ ಎಂಬ ಕಟ್ಟೆಯಿದೆ, ಅದರ ಮೇಲೆ ಕುರ್ಚಿಯಿದೆ, ಕುಳಿತು ಹರಟುವ ಜನವಿಲ್ಲ. ಸುತ್ತಲೂ ನಮ್ಮ ಕಡೆಯಂಥದೇ ಬಟಾಬಯಲು, ಅದರಲ್ಲಿ ಬಿಳಿಜೋಳ. ಆದರೆ ಅದು ದನಗಳ ಮೇವಿಗೆ. ಹುಡುಕಿ ತಂದ ಹಿಟ್ಟಿನಲ್ಲಿ ನಾನು ಮೊದಲ ರೊಟ್ಟಿ ಹರಿಯದಂತೆ ಬಡಿದ ದಿನ ಕಾಕು ಕೈತಟ್ಟಿದರು. ಸೈರನ್‌ಗೆ ಬೆಚ್ಚದೆ ಚಹಾ ಕುಡಿದ ದಿನ ನಾನೇ ನನಗೆ ಶಹಬ್ಬಾಸ್ ಅಂದುಕೊಂಡೆ.

ಊಟಕ್ಕೆ ಕೂತರೆ ಕಾಕಾ ಶುರುವಾಗುತ್ತಿದ್ದರು: "ಆ ವರ್ಷ ನಮ್ಮ ಟೀಮ್ ಏನ್ ಆಡಿತ್ತಂತಿ."

"ಯಾರ ಟೀಮ್ರಿ ಕಾಕಾ? ನಿಮ್ಮ ಮುತ್ಯಾ ಆವಾಗ ಮುದ್ದೇಬಿಹಾಳದಾಗ ಎಮ್ಮಿ ಕಾಯ್ತಿದ್ದ."

"ಕಾಯ್ಲೇಳ. ಇಲ್ಲಿ ಹುಟ್ಟಿದವ್ರಕಿಂತಾ ಹೆಚ್ಚ ನನಗ ಗೊತ್ತೈತಿ."

"ಮದಿವ್ಯಾಗ ಸೈತ ಇಷ್ಟ ಚಂದ ಅರಿವಿ ಹಾಕ್ಕೊಂಡಿರಲಿಲ್ಲವಾ ಈ ಮನಶ್ಯಾ," ಎನ್ನುತ್ತ ಕಾಕು ಇಬ್ಬರಿಗೂ ಮಜ್ಜಿಗೆ ಸುರಿಯುತ್ತಿದ್ದರು.

ಈ ಬೇಸಿಗೆ ಕ್ಲಬ್ಬು ಕಾಕಾನಿಗೆ ಕೊನೆಯ ಬ್ಯಾಟುಗಾರನ ಪಾತ್ರ ಕೊಟ್ಟಿತು. ಹೊರಗಿನಿಂದ ಬಂದವರಿಗೆ ಅದು ಸಿಕ್ಕಿದ್ದು ಇದೇ ಮೊದಲು. ಪಿಚರ್, ಅಂದರೆ ಚೆಂಡು ಎಸೆಯುವವನು, ವೇಗ ತಗ್ಗಿಸಿ ತಲೆಯ ಪಕ್ಕಕ್ಕೆ ಎಸೆಯುತ್ತಾನೆ. ಬ್ಯಾಟುಗಾರ ಕೊನೆಯ ಕ್ಷಣದಲ್ಲಿ ತಲೆ ವಾಲಿಸಿ ಪೆಟ್ಟು ಬಿದ್ದಂತೆ ನಟಿಸಬೇಕು. ಹೆಲ್ಮೆಟ್ ಇಲ್ಲ, ಆಗ ಇರಲಿಲ್ಲವಲ್ಲ. ಚೆಂಡು ಮಾತ್ರ ಅಸಲಿ, ಕಲ್ಲಿನಷ್ಟು ಗಟ್ಟಿ, ಸಂಜೆಯ ಹೊತ್ತಿಗೆ ಅಷ್ಟೇ ಕರಿ.

ಹಿತ್ತಲಲ್ಲಿ ಅಭ್ಯಾಸ ಮಾಡಿಸುವ ಕೆಲಸ ನನ್ನದಾಯಿತು. ಮಣ್ಣು ಬಳಿದ ಟೆನಿಸ್ ಚೆಂಡು ಎಸೆಯುತ್ತಿದ್ದೆ. ಬಿಸಿಲಿರುವಾಗ ಕಾಕಾ ಸರಿಯಾಗಿ ವಾಲುತ್ತಿದ್ದರು. ಹೊತ್ತು ಇಳಿದ ಮೇಲೆ ಚೆಂಡು ಕೈಬಿಡುವ ಮೊದಲೇ ವಾಲುತ್ತಿದ್ದರು. ನನಗೆ ಸಂಶಯ ಹುಟ್ಟಿತು. ಒಂದು ಸಂಜೆ ಕೈ ಬೀಸಿದೆ, ಚೆಂಡು ಬಿಡಲಿಲ್ಲ.

ಕಾಕಾ ವಾಲಿದರು. ಚಂದವಾಗಿ ಹುಲ್ಲಿನ ಮೇಲೆ ಬಿದ್ದರು. ಮಲಗಿಕೊಂಡೇ ಕೇಳಿದರು: "ಎಲ್ಲಿ ಹೋತ ಚೆಂಡ?"

"ನನ್ನ ಕೈಯಾಗ ಐತ್ರಿ ಕಾಕಾ."

ಅವರು ಎದ್ದು ಕೂತು ಅಂಗಿಗೆ ಹತ್ತಿದ ಹುಲ್ಲನ್ನು ಒಂದೊಂದೇ ಕಿತ್ತರು.

"ಪೊರಿ ಬಂದೈತಿ ಕಣ್ಣಿಗೆ. ಹಂಗಾಮ ಮುಗದ ಮ್ಯಾಲೆ ತೆಗಸ್ತೇನಿ. ಕಾಕುಗ ಹೇಳಬ್ಯಾಡ, ಮ್ಯಾಚ್ ಬಿಡಸ್ತಾಳ."

"ಹೇಳೂದಿಲ್ರಿ. ಆದ್ರ ಕೊನೀ ಚೆಂಡರ ಬಿಳೀದ ಕೊಡ್ರಿ ಅಂತ ಕೇಳ್ರಿ."

"ಕೇಳಿದ್ರ ಅಂಜ್ಯಾನ ಅಂತಾರ. ಇಲ್ಲಿ ಹುಟ್ಟಿದವ್ರು ಅಂಜಿದ್ರ ಬರೇ ಅಂಜಿದಂಗ. ನಾ ಅಂಜಿದ್ರ, ಹೊರಗಿನಾಂವ, ಅದಕ್ಕ ಅಂಜಿದ ಅಂತಾರ."



ಯಂಕಂಚಿಯಲ್ಲಿರುವ ಅವ್ವನಿಗೆ ಫೋನಿನಲ್ಲಿ ಹೇಳಿಕೊಂಡೆ. "ಅವ್ರಿಗೆ ಬುದ್ಧಿ ಇಲ್ಲ ಬಿಡು, ನಿನಗರ ಬ್ಯಾಡ? ನಾಳೆ ಏನರ ಆದ್ರ ಆ ಕಾಕುಗ ಯಾವ ಮಾರಿ ತೋರಸ್ತಿ?" ಎಂದಳು. ಅಂದಿನಿಂದ ಕಾಕುವಿನ ಎದುರು ತುತ್ತು ಇಳಿಯದಾಯಿತು. ಹೇಳಿದರೆ ಕಾಕಾನಿಗೆ ಈ ಊರು ತಪ್ಪುತ್ತದೆ. ಹೇಳದಿದ್ದರೆ ನಮಗೆ ಕಾಕಾನೇ ತಪ್ಪಬಹುದು.

ಮೂರನೆಯ ದಾರಿಯೊಂದನ್ನು ಹುಡುಕಿದೆ. ಪಾಟ್‌ಲಕ್ ದಿನ, ಅಂದರೆ ಎಲ್ಲರೂ ಒಂದೊಂದು ಅಡಿಗೆ ತಂದು ಕೂಡಿ ಉಣ್ಣುವ ದಿನ, ಕ್ಲಬ್ಬಿನ ಅಧ್ಯಕ್ಷೆಯ ಪಕ್ಕ ಕುಳಿತೆ. ಕಾಕಾನ ಹೆಸರೆತ್ತದೆ ಕರಿ ಚೆಂಡಿನ ವಾದವನ್ನೆಲ್ಲ ಬಿಚ್ಚಿಟ್ಟೆ. ಆಕೆ ಪೂರ್ತಿ ಕೇಳಿದರು. "ನೀನು ಹೇಳುವುದು ನಿಜವೇ ಇರಬಹುದು ಮಗು. ಆದರೆ ಅವನಿಗೆ ಚೆಂಡು ಕಾಣಲಿಲ್ಲ ಅಂತಾದರೆ ಇಷ್ಟು ವರ್ಷ ನಾವು ಚಪ್ಪಾಳೆ ಹೊಡೆದದ್ದು ಯಾವುದಕ್ಕೆ?" ಎಂದರು. ಆಮೇಲೆ ದನಿ ತಗ್ಗಿಸಿ, "ಯಾಕೆ, ನಿಮ್ಮ ಕಾಕಾ ಹೆದರಿದ್ದಾರಾ?"

"ಛೇ, ಇಲ್ಲ." ಯೋಚಿಸುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿತ್ತು.

ಪಂದ್ಯದ ಸಂಜೆ ಕಾಕು ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕುಳಿತರು. ಮೋಡದಿಂದಾಗಿ ಕತ್ತಲೆ ಬೇಗ ಇಳಿಯುತ್ತಿತ್ತು. ಕೊನೆಯ ಆಟಕ್ಕೆ ಬರುವಷ್ಟರಲ್ಲಿ, ಕಣ್ಣು ಚೆನ್ನಾಗಿರುವ ನನಗೇ ಚೆಂಡು ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಕಾಕಾ ಬ್ಯಾಟು ಹಿಡಿದು ನಿಂತರು. ಅಂಗಿ ದೊಗಲೆ, ಕುತ್ತಿಗೆ ಸಣ್ಣದು.

"ಕೈ ಯಾಕ ಇಷ್ಟ ತಣ್ಣಗ ಆಗ್ಯಾವ ನಿನ್ನೂ?" ಎಂದರು ಕಾಕು.

ಪಿಚರ್ ಕೈ ಎತ್ತಿ ಬೀಸಿದ. ಕಾಕಾ ಈಗ ವಾಲಬೇಕಿತ್ತು. ವಾಲಲಿಲ್ಲ. ಬಗ್ಗರಿ ಎಂದು ಕೂಗಲು ಬಾಯಿ ತೆರೆದೆ.  ಟಪ್ ಎಂದು ಸದ್ದಾಯಿತು. ಕಾಕಾನ ಟೋಪಿ ಹಾರಿ ಹಿಂದೆ ಬಿತ್ತು. ಪಿಚರ್ ಎರಡೂ ಕೈಯಿಂದ ತನ್ನ ತಲೆ ಹಿಡಿದುಕೊಂಡ. ಕಾಕು ಎದ್ದು ನಿಂತರು, ಡಬ್ಬಿ ಉರುಳಿತು.

ಕಾಕಾ ಅಲ್ಲೇ ನಿಂತಿದ್ದರು. ಬೋಳು ತಲೆಯ ಮೇಲೆ ಕೈಯಾಡಿಸಿದರು, ಬ್ಯಾಟು ಕೆಳಗಿಟ್ಟರು. ಪಾತ್ರ ನೆನಪಾದವರಂತೆ ಮೊದಲ ಠಾಣ್ಯದವರೆಗೆ ನಡೆದು ಹೋಗಿ ಮೆಲ್ಲಗೆ ಮಲಗಿದರು. ಆಮೇಲೆ ತಲೆಯೆತ್ತಿ ನಮ್ಮತ್ತ ಕೈ ಬೀಸಿದರು. ಮೈದಾನವೆಲ್ಲ ಎದ್ದು ನಿಂತಿತು. ಹಿಂದಿನ ಸಾಲಿನವರು ಒಬ್ಬರಿಗೊಬ್ಬರು ಹೇಳುತ್ತಿದ್ದುದು ಕೇಳಿಸಿತು: ಕದಲಲೇ ಇಲ್ಲ ನೋಡು, ಥೇಟು ಅವನ ಹಾಗೆಯೇ. ಪಕ್ಕದ ಹೆಂಗಸು "ನಿಮ್ಮವರಾ?" ಎಂದು ಕೇಳಿದಳು. "ಹೌದು, ನಮ್ಮವರು," ಅಂದೆ. "ನಮ್ಮ ಟೀಮ್ ಗೆದ್ದಿತು," ಎಂದೂ ಅಂದೆ. ನನ್ನ ಎರಡೂ ಕೈ ಎಲ್ಲರೊಡನೆ ಚಪ್ಪಾಳೆ ಹೊಡೆಯುತ್ತಿದ್ದವು.

ಮನೆಗೆ ಬಂದ ಮೇಲೆ ಕಾಕು ಪುಂಡಿಪಲ್ಯ ಬಿಸಿ ಮಾಡಲು ಒಳಗೆ ಹೋದರು. ಪೋರ್ಚಿನ ಕುರ್ಚಿಗಳಲ್ಲಿ ನಾವಿಬ್ಬರೇ. ದಾರಿಯಲ್ಲಿ ಹೋಗುತ್ತಿದ್ದ ಕಾರೊಂದು ನಿಧಾನಿಸಿ, ಹಾರ್ನ್ ಹೊಡೆದು, ಕಾಕಾನ ಹೆಸರು ಕೂಗಿ ಹೋಯಿತು. ಅವರ ಮುಖ ಅರಳಿತು.

"ಮುದ್ದೇಬಿಹಾಳದಾಗ ಈಗ ನಾ ಬಂದ್ರ ಎದ್ದ ನಿಲ್ಲಾವ್ರು ಯಾರದಾರವಾ?" ಎಂದರು.

ಟೋಪಿ ಅವರ ತೊಡೆಯ ಮೇಲಿತ್ತು. ಚೆಂಡಿನ ಮಣ್ಣು ಎಲ್ಲಿ ಹತ್ತಿದೆ ಎಂದು ಬೆರಳಿನಿಂದ ತಡವಿ ಹುಡುಕುತ್ತಿದ್ದರು. ಚೆಂಡು ತಲೆಗೆ ತಾಗದೆ ಸವರಿ ಹೋದ ಅಂಚಿನಲ್ಲೇ ಅದಿತ್ತು, ಅಂಗೈಯಗಲದ ಕಲೆ, ಬೀದಿದೀಪದ ಬೆಳಕಿನಲ್ಲಿ ನನಗೆ ಕಾಣುತ್ತಿತ್ತು. ಮೊದಲ ಬಾರಿಗೆ, ಗೆಲ್ಲಬೇಕೆಂದಲ್ಲದೆ, ತಿಳಿಯಬೇಕೆಂದು ಕೇಳಿದೆ:

"ಖರೇ ಹೇಳ್ರಿ ಕಾಕಾ. ನಿಮಗ ಚೆಂಡ ಕಾಣಲಿಲ್ಲೋ, ಇಲ್ಲಾ ಕಂಡೂ ನಿಂತ್ರೋ?"