ತಿಮ್ಮವ್ವನ ಗೊಟ್ಟ

ಕಕ್ಕೇರಾದ ನಮ್ಮ ಓಣಿಯಲ್ಲಿ ಯಾರ ಎಮ್ಮೆಗೆ ಔಷಧಿ ಕುಡಿಸಬೇಕಾದರೂ ನನ್ನ ದೊಡ್ಡವ್ವ ತಿಮ್ಮವ್ವನ ಮನೆಗೇ ಬರುತ್ತಾರೆ, ಬೆಳಿಗ್ಗೆ ಬರುತ್ತಾರೆ, ಉಣ್ಣುವಾಗ ಬರುತ್ತಾರೆ, ಅವಳು ಗದ್ದೆಯಲ್ಲಿ ನಾಟಿ ಹಚ್ಚಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿದ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಬಂದವರು ಅವಳ ಮುಖ ನೋಡುವುದಿಲ್ಲ, ತೊಲೆಗೆ ಸಿಕ್ಕಿಸಿದ ಗೊಟ್ಟ ನೋಡುತ್ತಾರೆ. ಗೊಟ್ಟ ಎಂದರೆ ಬಿದಿರಿನ ಕೊಳವೆ, ಮೊಳಕ್ಕಿಂತ ತುಸು ಚಿಕ್ಕದು, ಒಂದು ತುದಿ ಮುಚ್ಚಿದ್ದು, ಇನ್ನೊಂದು ಪೆನ್ನಿನ ನಿಬ್ಬಿನಂತೆ ಓರೆಯಾಗಿ ಕೊಯ್ದದ್ದು. ಔಷಧಿ ತುಂಬಿ ಎಮ್ಮೆಯ ಬಾಯಿಯ ಮಗ್ಗುಲಿನಿಂದ ತೂರಿಸಿ ಸುರಿಯುತ್ತಾರೆ. ಅವಳ ಮಾವನ ಕಾಲದ ಗೊಟ್ಟ ಅದು, ಎಷ್ಟು ಎಮ್ಮೆಗಳ ಜೊಲ್ಲು ಹತ್ತಿದೆಯೋ, ಮುಟ್ಟಿದರೆ ಗಾಜಿನಂತೆ ಜಾರುತ್ತದೆ, ಅದನ್ನು ಕೈಯಲ್ಲಿ ಹಿಡಿಯುವುದೇ ನನಗೊಂದು ಖುಷಿ!

ಕಾಲುವೆ ಬರುವ ಮೊದಲು ಗೊಟ್ಟಕ್ಕೆ ಅಷ್ಟು ಕೆಲಸವಿರಲಿಲ್ಲವಂತೆ. ಎಲ್ಲೋ ಒಂದು ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ಎಣ್ಣೆ ಕುಡಿಸಿದರೆ ಮುಗಿಯಿತು. ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಬದುವಿನ ಮೇಲೆ ಬೇಸಿಗೆಯಲ್ಲೂ ಹಸಿರು ಹುಲ್ಲು, ಹುಲ್ಲಿನ ಬುಡದಲ್ಲಿ ಸಣ್ಣ ಸಣ್ಣ ಬಸವನಹುಳುಗಳು. ಆ ಜೌಗಿನಲ್ಲಿ ಮೇಯ್ದ ಎಮ್ಮೆಯ ಈಲಿಗೆ, ಅಂದರೆ ಯಕೃತ್ತಿಗೆ, ಚಪ್ಪಟೆ ಜಂತು ಸೇರುತ್ತದೆ. ಸಗಣಿ ನೀರಾಗುತ್ತದೆ, ಮೈ ಇಳಿಯುತ್ತದೆ, ದವಡೆಯ ಕೆಳಗೆ ನೀರಿನ ಚೀಲದಂಥ ಬಾವು ಜೋತು ಬೀಳುತ್ತದೆ. ಔಷಧಿಯನ್ನು ಪಶು ಆಸ್ಪತ್ರೆಯಲ್ಲಿ ಕೊಡುತ್ತಾರೆ, ಆದರೆ ಡಾಕ್ಟರಮ್ಮ ಒಬ್ಬರೇ, ಹಳ್ಳಿಗಳು ಬಹಳ. ಬಾಟಲಿ ಮನೆಗೆ ಬರುತ್ತದೆ, ಕುಡಿಸುವವರು ಯಾರು?

ತಿಮ್ಮವ್ವ ಎಡಗೈಯನ್ನು ಎಮ್ಮೆಯ ಕೊಂಬಿನ ಹಿಂದಿನಿಂದ ಬಳಸಿ, ಅದರ ಗದ್ದವನ್ನು ತನ್ನ ಹೆಗಲ ಮೇಲೆ ಇರಿಸಿಕೊಂಡು, ಬಲಗೈಯಿಂದ ಗುಟುಕು ಗುಟುಕಾಗಿ ಸುರಿಯುವುದನ್ನು ನೋಡಬೇಕು! ಎಮ್ಮೆ ಕೆಮ್ಮಿತೋ, ಅವಳ ಕೈ ತಾನಾಗಿಯೇ ಸಡಿಲಾಗುತ್ತದೆ, ತಲೆ ಕೆಳಗೆ ಹೋಗುತ್ತದೆ. ಆದರೆ ಎಮ್ಮೆಯ ತಲೆ ಎಂದರೆ ಹೂವಿನ ಬುಟ್ಟಿಯಲ್ಲ. ಈಚೆಗೆ ಅವಳ ಎಡಹೆಗಲು ಮೇಲೇಳುವುದಿಲ್ಲ, ಕುಬಸ ತೊಡುವಾಗ ಹಲ್ಲು ಕಚ್ಚುತ್ತಾಳೆ.

"ಈ ಊರಿನ ಎಮ್ಮಿಗೋಳಿಗೆಲ್ಲಾ ನಾನೇ ಸೊಸಿ ಆಗೀನೇನು?" ಎನ್ನುತ್ತಾಳೆ. ಹಾಗೆನ್ನುತ್ತಲೇ ಎದ್ದು ಹೋಗುತ್ತಾಳೆ.

ಸೆಮಿಸ್ಟರ್ ಮುಗಿಸಿ ನಾನು ಬಂದ ವಾರವೇ ಜೈತುನಬೀ ಬಂದಳು. ಬಸ್ ಸ್ಟ್ಯಾಂಡಿನ ಬಳಿ ಅವಳ ಚಹಾದ ಅಂಗಡಿ, ಅಂಗಡಿಯ ಹಾಲೆಲ್ಲ ಮನೆಯ ಒಂದೇ ಎಮ್ಮೆಯದು. ಆ ಎಮ್ಮೆ ಈಗ ತುಂಬು ಗಬ್ಬ, ಈಯುವ ತಿಂಗಳು, ಅಂಥದ್ದಕ್ಕೆ ದವಡೆ ಬಾತಿದೆ.

"ತಿಮ್ಮಕ್ಕಾ, ಮಲಗೀಯೇನು?"

"ಮಲಗಿದ್ರ ಬಿಟ್ಟು ಹೋಗ್ತಿದ್ದೇನು?"

"ಇಲ್ಲ, ಎಬ್ಬಸ್ತಿದ್ದೆ. ಗಬ್ಬದ ಎಮ್ಮಿಗೂ ನಡೀತದಂತ ಡಾಕ್ಟರಮ್ಮ ನೋಡೇ ಕೊಟ್ಟಾರ. ಏಳಬೇ, ಜರಾ ಬಾ."

"ನನ್ನ ರಟ್ಟಿ ಬಿದ್ದು ಹೋಗ್ಯಾವ ಜೈತುನಾ."

ಪಕ್ಕದ ಮನೆಯ ಅಂಬ್ರಪ್ಪ ಗೋಡೆಯ ಆಚೆಯಿಂದಲೇ ಬಾಯಿ ಹಾಕಿದ. "ರಟ್ಟಿ ಯಾಕ ಬೇಕು? ಬೇವಿನ ಟೊಂಗಿಗೆ ಮೂಗುದಾಣ ಬಿಗದ್ರ ಮುಗೀತು. ಎಲ್ಲಾರೂ ಹಂಗೇ ಮಾಡ್ತಾರ, ನಿಂದೊಂದೇ ನಖರಾ."

ಊರಿನ ರೂಢಿ ನಿಜವಾಗಿಯೂ ಅದೇ. ತಲೆ ಎತ್ತಿದಷ್ಟೂ ಔಷಧಿ ಸಲೀಸಾಗಿ ಇಳಿಯುತ್ತದೆ ಎಂದು ಎಲ್ಲರ ನಂಬಿಕೆ. ತಿಮ್ಮವ್ವ ಯಾವತ್ತೂ ಹಗ್ಗಕ್ಕೆ ಒಪ್ಪಿದವಳಲ್ಲ. ಆ ದಿನ ಒಪ್ಪಿದಳು. ಅವಳಿಗೆ ಅಷ್ಟು ದಣಿವಾಗಿತ್ತು.

ಜೈತುನಬೀಯ ಅಂಗಳದ ಬೇವಿಗೆ ಅಂಬ್ರಪ್ಪ ಹಗ್ಗ ಎಳೆದು ಗಂಟು ಹಾಕಿದ, ಎಮ್ಮೆಯ ಮೂತಿ ಆಕಾಶ ನೋಡಿತು. ತಿಮ್ಮವ್ವ ಎಡಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಲಗೈಯಿಂದ ಸುರಿದಳು, ಎಷ್ಟೋ ದಿನಗಳಿಂದ ಆ ಎಡಗೈಗೆ ಅಂಥ ಬಿಡುವು ಸಿಕ್ಕಿರಲಿಲ್ಲ. ಅರ್ಧ ಇಳಿದಿರಬೇಕು, ಎಮ್ಮೆ ಕೆಮ್ಮಿತು. ತಲೆ ಕೆಳಗೆ ಬರಲಿಲ್ಲ. ಹಗ್ಗಕ್ಕೆ ಕೆಮ್ಮು ಹೇಗೆ ಗೊತ್ತಾಗಬೇಕು! ಮತ್ತೆ ಕೆಮ್ಮಿತು, ಕಣ್ಣಿನ ಬಿಳಿ ಕಂಡಿತು, ಕಾಲು ಕುಸಿಯತೊಡಗಿದವು.

"ತಲಿ ಬಿಡೋ! ಅಂಬ್ರ್ಯಾ, ತಲಿ ಬಿಡೋ!"

ಅಂಬ್ರಪ್ಪ ಎಳೆದಷ್ಟೂ ಗಂಟು ಬಿಗಿಯಾಯಿತು. ತಿಮ್ಮವ್ವ ಗೊಟ್ಟ ಬಿಸಾಡಿ, ಮೇವಿನ ಮೇಲಿದ್ದ ಕುಡುಗೋಲು ತೆಗೆದು ಹಗ್ಗ ಕೊಯ್ದಳು. ಎಮ್ಮೆಯ ತಲೆ ಧೊಪ್ಪನೆ ಬಿತ್ತು. ಮೂಗಿನಿಂದ ಬಿಳಿ ನೊರೆ.

"ತಿಮ್ಮಕ್ಕಾ, ಉಳೀತದೇನು?" ಜೈತುನಬೀ ಸೆರಗಿನಿಂದ ನೊರೆ ಒರೆಸುತ್ತ ಕೇಳಿದಳು.

"ಗೊತ್ತಿಲ್ಲವ್ವಾ," ಎಂದಳು ದೊಡ್ಡವ್ವ.

ಸಂಜೆ ಡಾಕ್ಟರಮ್ಮ ಬಂದರು, ಅವರೂ ದಣಿದಿದ್ದರು, ಸ್ಕೂಟರಿನ ಧೂಳು ಹುಬ್ಬಿನ ಮೇಲೆಯೇ ಇತ್ತು. ಎಮ್ಮೆಯ ಎದೆಗೆ ಸ್ಟೆತೊಸ್ಕೋಪು ಇಟ್ಟು ಆಲಿಸಿ, ಇಂಜೆಕ್ಷನ್ ಕೊಟ್ಟು, ಕೊಯ್ದ ಹಗ್ಗ ನೋಡಿದರು.

"ಗೊಟ್ಟದ್ದೇನೂ ತಪ್ಪಿಲ್ಲ. ಹಗ್ಗ ಯಾರು ಕಟ್ಟಿದ್ರಿ?"

ಅಂಬ್ರಪ್ಪ ಬೇವಿನ ಮರ ನೋಡಿದ, ಅದೇ ಕಟ್ಟಿತೇನೋ ಎಂಬಂತೆ.

"ಕುತ್ತಿಗಿ ಮ್ಯಾಲೆ ಎಳದ್ರ ದವಾ ಹೊಟ್ಟಿಗೆ ಹೋಗಂಗಿಲ್ರಿ, ಎದಿಗೆ ಹೋಗ್ತದ. ಮೂತಿ ಬೆನ್ನಿನ ಮಟ್ಟಕ್ಕ ಇದ್ರ ಸಾಕು. ನಾಲಿಗಿ ಎಳೀಬ್ಯಾಡ್ರಿ. ಕೆಮ್ಮಿದ ಕೂಡ್ಲೇ ಬಿಟ್ಟುಬಿಡ್ರಿ. ಈಗ ಒಣ ನೆಲದಾಗ ಎದಿ ಊರಿ ಕುಂದ್ರಸ್ರಿ, ನಾ ಹೇಳೋತನಕ ಬಾಯಾಗ ಏನೂ ಸುರೀಬ್ಯಾಡ್ರಿ."

ಆಮೇಲೆ ಕಾಯುವುದೇ ಕೆಲಸ. ಎಮ್ಮೆಗೆ ಜ್ವರ, ಮೇವು ಮುಟ್ಟಲಿಲ್ಲ, ಉಸಿರಿನಲ್ಲಿ ಗೊರಗೊರ. ಡಾಕ್ಟರಮ್ಮ ದಿನವೂ ಬಂದು ಸೂಜಿ ಹಾಕಿ ಹೋದರು. ದೊಡ್ಡವ್ವ ಗದ್ದೆಗೆ ಹೋಗುವ ಮೊದಲು ಅಲ್ಲಿ, ಬಂದ ಮೇಲೆ ಅಲ್ಲಿ, ಎಮ್ಮೆಯ ಪಕ್ಕೆಗೆ ಕಿವಿ ಹಚ್ಚಿ ಕುಳಿತುಬಿಡುತ್ತಿದ್ದಳು. ಜೈತುನಬೀ ಅಂಗಡಿ ತೆರೆಯಲಿಲ್ಲ. ಜೈತುನಬೀ ಒಂದು ಬೈಗುಳ ಬೈದಿದ್ದರೂ ದೊಡ್ಡವ್ವನಿಗೆ ಹಗುರಾಗುತ್ತಿತ್ತು, ಅವಳು ಬೈಯಲಿಲ್ಲ, ಕರಿ ಚಹಾ ಮಾಡಿಕೊಟ್ಟಳು.

ಒಂದು ಬೆಳಿಗ್ಗೆ ಓಣಿಯ ಆ ತುದಿಯಿಂದ ಜೈತುನಬೀಯ ಕೂಗು ಕೇಳಿತು. "ತಿಮ್ಮಕ್ಕಾ! ಮೆಲಕು ಹಾಕಾಕತ್ತದ! ಮೆಲಕು!"

ನಾನು ಕುಣಿದೇಬಿಟ್ಟೆ. ದೊಡ್ಡವ್ವ ಹೊಸ್ತಿಲ ಮೇಲೆ ಕೂತು, "ಹೂಂ" ಎಂದು ಎಡಹೆಗಲು ನೀವಿಕೊಂಡಳು.

ಅವತ್ತೇ ಹೇಳಿದಳು. "ಇನ್ನ ನಾ ಕುಡಸಂಗಿಲ್ಲ. ನಿಮ್ಮ ಎಮ್ಮಿಗೆ ನೀವೇ ಕುಡಸ್ರಿ. ನಾ ಕುಂತು ನೋಡ್ತೀನಿ."

ಡಾಕ್ಟರಮ್ಮ ಸರಿ ಎಂದ ಮೇಲೆ ಉಳಿದ ಔಷಧಿಯನ್ನು ಜೈತುನಬೀಯೇ ಕುಡಿಸಿದಳು. ಅಂಬ್ರಪ್ಪ ಗದ್ದ ಹಿಡಿದಿದ್ದ, ಈ ಸಲ ಬಾಯಿ ಮುಚ್ಚಿಕೊಂಡು. ದೊಡ್ಡವ್ವ ಗೋದಲಿಯ ಕಲ್ಲಿನ ಮೇಲೆ ಕುಳಿತಿದ್ದಳು. ಎಮ್ಮೆ ಗಂಟಲು ಕೆರೆದದ್ದೇ, "ಬಿಡು!"

ಇಬ್ಬರೂ ಬಿಟ್ಟರು. ಎಮ್ಮೆ ತಲೆ ಕೊಡವಿತು.

"ಅಕ್ಕಾ, ಅರ್ಧ ನನ್ನ ಮೈಮ್ಯಾಲೇ ಬಿತ್ತಲ್ಲಾ!"

"ಬೀಳಲಿ. ನಿನಗೂ ಜಂತ ಇದ್ರ ಹೋಗ್ತಾವ."

ಬಾವು ಇಳಿಯಿತು. ಜೈತುನಬೀ ಈಗ ಎಮ್ಮೆಯನ್ನು ಕಾಲುವೆಯ ಬದುವಿಗೆ ಬಿಡುವುದಿಲ್ಲ, ಬಾವಿಯ ನೀರನ್ನೇ ಕುಡಿಸುತ್ತಾಳೆ, ಭತ್ತದ ಹುಲ್ಲಿನ ಹಸಿ ಬುಡ ಕೊಯ್ದು ಬಿಸಾಡಿ ಮೇಲಿನದ್ದನ್ನು ಬಿಸಿಲಿಗೆ ಒಣಗಿಸಿ ಹಾಕುತ್ತಾಳೆ. ಹೆಣ್ಣುಕರು ಹುಟ್ಟಿದೆ, ಅಂಗಡಿಯಲ್ಲಿ ಮತ್ತೆ ಹಾಲಿನ ಚಹಾ. ಗೊಟ್ಟ ಮನೆಯಿಂದ ಮನೆಗೆ ತಿರುಗುತ್ತಿದೆ, ತೊಲೆಯ ಸಂದಿ ಖಾಲಿ.

ನಾನು ಊರು ಬಿಡುವ ದಿನ ದೊಡ್ಡವ್ವ ಕಟ್ಟೆಯ ಮೇಲೆ ಆಗಷ್ಟೇ ಕಾಲು ಚಾಚಿದ್ದಳು. ಹಿಂದಿನ ಓಣಿಯ ಸಾಯಬಮ್ಮ ಬಂದು ನಿಂತಳು, ಕೈಯಲ್ಲಿ ಅದೇ ಗೊಟ್ಟ.

"ಯಕ್ಕಾ, ಕುಡಸಾಕ ಅಲ್ಲ. ಬರೇ ಕುಂದ್ರಾಕ ಬಾ. 'ಬಿಡು' ಅನ್ನಾಕ ಒಬ್ಬರು ಬೇಕಲ್ಲಾ."

"ಕುಂದ್ರಾಕ ನಮ್ಮ ಕಟ್ಟಿಗೇನಾಗ್ಯಾದ?" ಎಂದಳು ದೊಡ್ಡವ್ವ, ಹೆಗಲು ಹಿಡಿದುಕೊಂಡು ಎದ್ದು, ಚಪ್ಪಲಿಗಾಗಿ ಕಾಲಲ್ಲೇ ತಡಕಾಡುತ್ತ.