ಮೆತ್ತಜ್ಜಿಯ ಮೆತ್ತನೆಯ ಊಟ

ನೂಲಿನ ಗಿರಣಿಯ ಹಿಂಬದಿಯಲ್ಲಿ, ಅಲ್ಲಿ ದುಡಿಯುವ ಹೆಂಗಸರ ಮಕ್ಕಳಿಗಾಗಿ ಒಂದು ಶಿಶುವಿಹಾರವಿದೆ. ಅಲ್ಲಿ ದಿನಾ ಮಧ್ಯಾಹ್ನ ನಲವತ್ತೆರಡು ಮಕ್ಕಳು ತಟ್ಟೆ ನೆಕ್ಕಿ ಏಳುತ್ತಾರೆ. ಮನೆಯಲ್ಲಿ ಒಂದು ತುತ್ತಿಗೆ ಅಪ್ಪ ಅಮ್ಮನನ್ನು ಮೂರು ಸುತ್ತು ಓಡಿಸುವ ಮಕ್ಕಳೇ ಇವರು. ಹುರುಳಿಕಾಯಿ ಕಂಡರೆ ಕಿಟಾರನೆ ಕಿರುಚುವವರೂ ಇವರೇ. ಇಲ್ಲಿ ಅದೇ ಹುರುಳಿಕಾಯಿಯನ್ನು ಎರಡನೇ ಸಲ ಹಾಕಿಸಿಕೊಂಡು ತಿನ್ನುತ್ತಾರೆ, ತಿಂದದ್ದು ಹುರುಳಿಕಾಯಿ ಎಂದು ಅವರಿಗೆ ಗೊತ್ತೇ ಆಗುವುದಿಲ್ಲ.

ತಾಯಂದಿರು ಬಿಡುತ್ತಾರೆಯೇ? ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದವರು ಪುಸ್ತಕ ಪೆನ್ನು ಹಿಡಿದು ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ.

"ಅಜ್ಜಿ, ನಿನ್ನೆ ಆ ಕೆಂಪು ಶ್ಯಾವಿಗೆಗೆ ಏನು ಹಾಕಿದ್ರಿ? ನನ್ನ ಮಗ ಮನೇಲಿ ಟೊಮ್ಯಾಟೊ ಮುಟ್ಟಲ್ಲ, ಇಲ್ಲಿ ಬಟ್ಟಲು ಬಟ್ಟಲು ತಿಂದನಂತೆ!"

"ಏನಿಲ್ಲಮ್ಮ. ಟೊಮ್ಯಾಟೊ, ಒಂದು ಕ್ಯಾರೆಟ್ಟು, ಒಂದು ಹಿಡಿ ಬೇಳೆ. ಎಲ್ಲಾ ಬೇಯಿಸಿ, ಅರೆದು, ಜರಡಿ ಹಿಡಿದು, ಆಮೇಲೆ ಶ್ಯಾವಿಗೆಗೆ ಬೆರೆಸೋದು. ಶ್ಯಾವಿಗೇನ ಮೊದಲೇ ಪುಡಿ ಮಾಡ್ಕೋಬೇಕು, ಮರೀಬೇಡ."

ಅವರು ಬರೆದುಕೊಂಡು ಹೋಗುತ್ತಾರೆ. ಇಷ್ಟು ಸುಲಭವಾ ಎಂದು ಮನೆಯಲ್ಲಿ ಮಾಡಿ ನೋಡುತ್ತಾರೆ. ಬೇಯಿಸುತ್ತಾರೆ, ಅರೆಯುತ್ತಾರೆ, ಜರಡಿಯನ್ನು ಮಾತ್ರ ಬಿಡುತ್ತಾರೆ. ಯಾರಿಗಿದೆ ಅಷ್ಟು ಪುರುಸೊತ್ತು? ಅಡುಗೆಯ ಮೆತ್ತಜ್ಜಿ ಜರಡಿ ಬಿಟ್ಟವಳಲ್ಲ. ಅವಳ ಹತ್ತಿರ ಒಂದು ತುರಿಮಣೆ ಇದೆ, ಅದರ ತೂತುಗಳು ಸಾಸಿವೆ ಕಾಳಿನಷ್ಟು. ಮೊಟ್ಟೆ ಬೇಯಿಸಿದರೂ ಅದರಲ್ಲೇ ತುರಿಯುತ್ತಾಳೆ. ಬಾಳೆಹಣ್ಣನ್ನು ಕೂಡ ಕಿವುಚಿ ಚಮಚದಲ್ಲಿ ಕೊಡುತ್ತಾಳೆ. ಅವಳ ನಿಜವಾದ ಹೆಸರು ಗಿರಣಿಯ ಹಾಜರಿ ಪಟ್ಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿಲ್ಲ. ಮೂವತ್ತು ವರ್ಷದ ಹಿಂದೆ ಯಾವುದೋ ಮಗು ಮೆತ್ತಜ್ಜಿ ಎಂದಿತು, ಆಗ ಅವಳಿನ್ನೂ ಅಜ್ಜಿಯಾಗುವ ವಯಸ್ಸಿನವಳಲ್ಲ, ಆದರೂ ಹೆಸರು ಅಂಟಿಕೊಂಡಿತು.

ಅವಳ ಊಟದ ಕೋಣೆಗೆ ಇನ್ನೊಂದು ನಿಯಮವಿತ್ತು, ಅದನ್ನು ಯಾವ ತಾಯಿಯೂ ಬರೆದುಕೊಳ್ಳಲಿಲ್ಲ. ಅಲ್ಲಿ ಮಕ್ಕಳು ಮಾತಾಡುತ್ತಾ ತಿನ್ನಬೇಕು. ಲೋಕದಲ್ಲಿ ಎಲ್ಲ ಹಿರಿಯರೂ ಉಣ್ಣುವಾಗ ಬಾಯಿ ಮುಚ್ಚು ಎನ್ನುತ್ತಾರೆ, ಮೆತ್ತಜ್ಜಿ ಸೌಟಿನಿಂದ ಖಾಲಿ ಪಾತ್ರೆ ಬಡಿದು, "ಮಾತಾಡ್ರೋ! ಯಾರ ದನಿ ಕೇಳಲ್ವೋ ಅವರಿಗೆ ಇನ್ನೊಂದು ಸಲ ಬಡಿಸಲ್ಲ!" ಎಂದು ಗದರುತ್ತಿದ್ದಳು. ಮಕ್ಕಳಿಗೆ ಅದಕ್ಕಿಂತ ಇನ್ನೇನು ಬೇಕು? ಕೋಣೆ ಸಂತೆಯಾಗುತ್ತಿತ್ತು. ಶಿಕ್ಷಕಿಯರು ಮೂಗು ಮುರಿದರು, ಹೇಳಿ ನೋಡಿದರು, ಕೊನೆಗೆ ಅಭ್ಯಾಸ ಮಾಡಿಕೊಂಡರು.

ಆದರೂ ರುಚಿ ಅನ್ನುವುದು ಮಕ್ಕಳ ಬಾಯಿಗೆ ಬೀಗ ಹಾಕುತ್ತದೆ. ಎಷ್ಟು ಬಡಿದರೂ, ಮೊದಲ ಬಟ್ಟಲು ಬಿದ್ದ ಸ್ವಲ್ಪ ಹೊತ್ತಿಗೆ ಒಂದು ಗಳಿಗೆ ಬರುತ್ತಿತ್ತು, ನಲವತ್ತೆರಡೂ ಬಾಯಿಗಳು ಒಟ್ಟಿಗೆ ಸುಮ್ಮನಾಗುವ ಗಳಿಗೆ. ಬೇರೆ ಅಡುಗೆಯವರು ಅದಕ್ಕಾಗಿ ಹರಕೆ ಹೊರುತ್ತಾರೆ. ಮೆತ್ತಜ್ಜಿಗೆ ಮಾತ್ರ ಆ ಗಳಿಗೆ ಬೇಡವಾಗಿತ್ತು. ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ, ಅವಳು ಯಾರನ್ನೂ ಕೂರಿಸದ ಒಂದು ಮಗುವಿನಷ್ಟು ಜಾಗದಲ್ಲಿ, ಗುಂಡ ಬಂದು ಕೂರುತ್ತಿದ್ದ.

ಗುಂಡ ಅವಳ ತಮ್ಮ. ಅವನಿಗೆ ಎರಡೂವರೆ ವರ್ಷ. ಐವತ್ತನಾಲ್ಕು ವರ್ಷದಿಂದ ಎರಡೂವರೆ ವರ್ಷ.

ಅವಳಿಗೆ ತಲೆ ಕೆಟ್ಟಿರಲಿಲ್ಲ. ಅವನಿಗೆಂದು ತಟ್ಟೆ ಇಡುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ, ಅವನಿಲ್ಲ ಎಂಬುದು ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೋಣೆ ಸುಮ್ಮನಾದ ಕೂಡಲೇ ಅವನು ಅಲ್ಲಿರುತ್ತಿದ್ದ, ಒಂದು ಗುಂಡಿ ಕಿತ್ತುಹೋಗಿದ್ದ, ಆ ಕೊನೆಯ ದಿನದ ಅಂಗಿಯಲ್ಲೇ. ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಸೌಟು ಎತ್ತಿ ಢಣ ಢಣ ಬಡಿಯುತ್ತಿದ್ದಳು, ಮಕ್ಕಳು ಹೋ ಎನ್ನುತ್ತಿದ್ದವು, ಬೆಂಚಿನ ತುದಿ ಖಾಲಿಯಾಗುತ್ತಿತ್ತು.

ಹೀಗೇ ಸಾಗುತ್ತಿತ್ತೋ ಏನೋ, ಮೊಮ್ಮಗಳು ಚಿಟುಕಿಗೆ ಐದು ತುಂಬದೇ ಇದ್ದಿದ್ದರೆ.

ಚಿಟುಕಿ ಮಗಳ ಮಗಳು. ಮಗಳು ಅದೇ ಗಿರಣಿಯಲ್ಲಿ ನೂಲು ಸುತ್ತುವ ಯಂತ್ರದ ಮುಂದೆ ನಿಲ್ಲುತ್ತಾಳೆ, ಮೂವರೂ ಒಂದೇ ಮನೆಯಲ್ಲಿದ್ದಾರೆ. ಮುಂದಿನ ತಿಂಗಳು ಚಿಟುಕಿ ದೊಡ್ಡ ಶಾಲೆಗೆ ಹೋಗಬೇಕು. ಸೇರಿಸಲು ಕರೆದುಕೊಂಡು ಹೋದ ದಿನ ಅಲ್ಲಿ ಎಲ್ಲ ಮಕ್ಕಳಿಗೂ ಒಂದೊಂದು ಸೇಬಿನ ಹೋಳು ಕೊಟ್ಟರು. ಉಳಿದ ಮಕ್ಕಳು ಕರಕ್ ಎಂದು ತಿಂದು ಆಟಕ್ಕೆ ಓಡಿದವು. ಚಿಟುಕಿ ಹೋಳನ್ನು ಇಡಿಯಾಗಿ ಬಾಯಿಗೆ ತುರುಕಿ, ಅದು ಕರಗಲಿ ಎಂದು ಕಾದಳು. ಬಸ್ಸಿನಲ್ಲೂ ಕೆನ್ನೆ ಉಬ್ಬಿಸಿಕೊಂಡೇ ಬಂದಳು. ಮನೆ ಬಾಗಿಲಲ್ಲಿ ತಾಯಿಯ ಅಂಗೈಗೆ ಉಗುಳಿ, "ಇದು ಆಗ್ತಾನೇ ಇಲ್ಲ ಅಮ್ಮ" ಎಂದಳು.

ಮಗಳು ಆ ಹೋಳನ್ನು ತಂದು ಮೆತ್ತಜ್ಜಿಯ ಮುಂದೆ ಇಟ್ಟಳು.

"ನೋಡಮ್ಮ. ಐದು ವರ್ಷದ ಹುಡುಗಿಗೆ ಅಗಿಯೋಕೆ ಬರಲ್ಲ. ನಾಳೆ ಆ ಶಾಲೇಲಿ ಇವಳಿಗೆ ಯಾರು ತುರಿದು ಕೊಡ್ತಾರೆ? ಇಡೀ ತುಂಡು ನುಂಗಿಬಿಟ್ರೆ ಏನು ಮಾಡೋದು?"

"ನಾನೇ ಡಬ್ಬಿ ಕಟ್ಟಿ ಕೊಡ್ತೀನಿ."

"ಎಷ್ಟು ದಿನ? ಮದುವೆ ಆಗೋವರೆಗೂನಾ?"

 ಮೆತ್ತಜ್ಜಿ ಸೇಬಿನ ಹೋಳನ್ನು ಎತ್ತಿ, ತುರಿದು, ಬಟ್ಟಲಲ್ಲಿ ಹಾಕಿ ಮೊಮ್ಮಗಳಿಗೆ ತಿನ್ನಿಸಿಬಿಟ್ಟಳು. ಮಗಳು ಕೋಪದಲ್ಲಿ ಆ ಹೊತ್ತು ಊಟ ಮಾಡಲಿಲ್ಲ.

ಆ ವಾರವೇ ನರ್ಸಮ್ಮ ಬಂದಳು. ಮೂರು ತಿಂಗಳಿಗೊಮ್ಮೆ ಬಂದು ಮಕ್ಕಳ ತೂಕ, ಎತ್ತರ, ಹಲ್ಲು ನೋಡಿ ಹೋಗುವ ಗಟ್ಟಿ ಹೆಂಗಸು. ಬೇರೆ ಸಲ ಬೆಳಿಗ್ಗೆಯೇ ಬಂದು ಮುಗಿಸುತ್ತಿದ್ದವಳು ಈ ಸಲ ಊಟದ ಹೊತ್ತಿಗೆ ಬಂದಳು. ಕೋಣೆಯ ಗದ್ದಲ, ಬಾಯಿ ತುಂಬ ತುತ್ತಿಟ್ಟುಕೊಂಡು ಕೂಗುವ ಮಕ್ಕಳು, ನಡುವೆ ಸೌಟು ಬಡಿಯುವ ಅಜ್ಜಿ. ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಜ್ಜಿ, ಏನಿದು? ತಿನ್ನೋ ಮಕ್ಕಳನ್ನ ಮಾತಾಡಿಸ್ತಿದ್ದೀರಲ್ಲ!"

"ಮಾತಾಡ್ತಾ ಇದ್ರೆ ಉಸಿರಾಡ್ತಾ ಇದ್ದಾರೆ ಅಂತ ಗೊತ್ತಾಗತ್ತೆ, ನರ್ಸಮ್ಮ."

ನರ್ಸಮ್ಮ ಆ ಮಾತಿಗೆ ಅವಳ ಮುಖ ನೋಡಿದಳು. ದನಿ ತಗ್ಗಿಸಿ ಹೇಳಿದಳು. "ಬಾಯಲ್ಲಿ ತುತ್ತು ಇಟ್ಕೊಂಡು ಮಾತಾಡಿದ್ರೇನೇ, ನಕ್ರೇನೇ ಅದು ಉಸಿರಿನ ದಾರಿಗೆ ಹೋಗೋದು. ನಿಮ್ಮ ಊಟ ಇಷ್ಟು ನುಣ್ಣಗಿರೋದ್ರಿಂದ ಏನೂ ಆಗಿಲ್ಲ, ಅಷ್ಟೇ. ಈ ಅಭ್ಯಾಸ ಇಟ್ಕೊಂಡು, ಅಗಿಯೋಕೆ ಬರದೆ, ಈ ಮಕ್ಕಳು ಹೊರಗೆ ಹೋಗಿ ಗಟ್ಟಿ ತುಂಡು ಬಾಯಿಗೆ ಹಾಕ್ಕೊಂಡ್ರೆ? ಕೂರಿಸಿ, ಸುಮ್ನಿರಿಸಿ, ಎದುರಿಗೆ ಕೂತು ನೋಡ್ಬೇಕು."

ಮೆತ್ತಜ್ಜಿಯ ಕೈಯಿಂದ ಸೌಟು ಜಾರಿತು. ನರ್ಸಮ್ಮ ಚಿಟುಕಿಯ ದವಡೆ ಒತ್ತಿ ನೋಡಿದಳು. ಮೊದಲು ಅರ್ಧ ಬೇಯಿಸಿದ ಕ್ಯಾರೆಟ್ಟನ್ನು ಉದ್ದಕ್ಕೆ ತೆಳ್ಳಗೆ ಸೀಳಿ ಕೈಗೆ ಕೊಡಿ, ತಾನೇ ಕಚ್ಚಲಿ ಎಂದು ಹೇಳಿದಳು. ಅದರಲ್ಲಿ ಮೆತ್ತಜ್ಜಿಯನ್ನು ಚುಚ್ಚಿದ್ದು ಕ್ಯಾರೆಟ್ಟು ಎಂಬ ಒಂದೇ ಮಾತು.

ಅಂದು ಮನೆಗೆ ಬಂದು ಅವಳು ಮೆಟ್ಟಿಲ ಮೇಲೆ ಕೂತಳು. ಮಗಳು ಬಟ್ಟೆ ಒಣಹಾಕುತ್ತಿದ್ದಳು. ಚಿಕ್ಕಂದಿನಲ್ಲೇ ಜ್ವರ ಬಂದು ತೀರಿಹೋದ ಒಬ್ಬ ಸೋದರಮಾವನಿದ್ದ ಎಂದಷ್ಟೇ ಮಗಳಿಗೆ ಗೊತ್ತಿತ್ತು. "ಜ್ವರ ಅಲ್ಲ" ಎಂದು ಮೆತ್ತಜ್ಜಿ ಶುರು ಮಾಡಿದಳು. ತನ್ನ ಬಾಯಿಂದ ಆ ಮಾತು ಬಂದದ್ದು ಅವಳಿಗೇ ನಂಬಲಾಗಲಿಲ್ಲ.

ಒಂದೇ ಕೋಣೆಯ ಮನೆ. ಆಗ ಮೆತ್ತಜ್ಜಿಗೆ ಒಂಬತ್ತು ವರ್ಷ. ಅಮ್ಮ ಲಾಂಡ್ರಿಯ ಕೆಲಸಕ್ಕೆ ಹೋಗಿದ್ದಳು. ಗಂಜಿ ಬೇಯಿಸಿ ತಮ್ಮನಿಗೆ ಹಾಕು ಎಂದು ಮೊದಲ ಸಲ ಅವಳಿಗೆ ಒಪ್ಪಿಸಿದ್ದಳು. ಗಂಜಿ ಬೇಯುತ್ತಲೇ ಇಲ್ಲ, ಗುಂಡ ಹಸಿದು ಅಳುತ್ತಿದ್ದಾನೆ, ಮೇಲಿನ ಮನೆಯಾಕೆ ನೆಲ ಗುದ್ದುತ್ತಿದ್ದಾಳೆ. ಅವಳು ಬುಟ್ಟಿಯಿಂದ ಒಂದು ಕ್ಯಾರೆಟ್ಟು ಮುರಿದು ದಪ್ಪ ತುದಿಯನ್ನು ಅವನ ಕೈಗೆ ಕೊಟ್ಟಳು. "ಸದ್ದು ಮಾಡ್ಬೇಡ. ಸುಮ್ನೆ ತಿನ್ನು" ಎಂದಳು. ಆಗಲೇ ಗಂಜಿಯ ತಳ ಹಿಡಿಯುವ ವಾಸನೆ ಬಂತು. ಅಮ್ಮ ಬೈಯುತ್ತಾಳೆಂದು ಒಲೆಯ ಕಡೆ ತಿರುಗಿ ಕೈಯಾಡಿಸತೊಡಗಿದಳು.

"ಅವನು ಸುಮ್ಮನಾದ" ಎಂದಳು ಮೆತ್ತಜ್ಜಿ. "ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ಹೇಳಿದ ಮಾತು ಕೇಳ್ತಾನೆ ಅಂದ್ಕೊಂಡೆ. ಮೂವತ್ತು ಸುತ್ತು ಕೈಯಾಡಿಸಿದೆ. ಎಣಿಸ್ತಾ ಇದ್ದೆ, ಅದಕ್ಕೇ ಗೊತ್ತು. ಗಂಜಿ ತಳ ಹತ್ತಲಿಲ್ಲ, ಚೆನ್ನಾಗಿ ಬಂತು. ಆಮೇಲೆ ತಿರುಗಿದೆ."

ಮಗಳ ಕೈಯಲ್ಲಿ ಒದ್ದೆ ಅಂಗಿ ಹಾಗೇ ಇತ್ತು.

"ಉಸಿರು ಕಟ್ಟಿದವರು ಕೂಗಲ್ಲ ಕಣೇ. ಸದ್ದೇ ಬರಲ್ಲ. ನಾನು ಹೇಳಿದ್ನಲ್ಲ ಸದ್ದು ಮಾಡ್ಬೇಡ ಅಂತ."

ಜ್ವರ ಎಂದು ಊರಿಗೆ ಹೇಳಿದವಳು ಮೆತ್ತಜ್ಜಿಯ ಅಮ್ಮನೇ. ಇವಳಿಗೆ ಒಂದು ಬೈಗುಳ ಬೈಯಲಿಲ್ಲ, ಒಂದು ಏಟು ಹೊಡೆಯಲಿಲ್ಲ. ಆದರೆ ಸಾಯುವವರೆಗೂ ಅವಳ ಕೈಯಿಂದ ತಟ್ಟೆ ತೆಗೆದುಕೊಳ್ಳಲಿಲ್ಲ, ತನಗೆ ತಾನೇ ಬಡಿಸಿಕೊಂಡಳು. ಇಂಥವಳು ಹೋಗಿ ಹೋಗಿ ಮಕ್ಕಳ ಅಡುಗೆಗೇ ಯಾಕೆ ಬಂದಳು ಎಂದು ನೀವು ಕೇಳಬಹುದು. ಮಕ್ಕಳ ಊಟವನ್ನು ಬೇರೆಯವರ ಕೈಗೆ ಬಿಡುವ ಧೈರ್ಯ ಅವಳಿಗಿರಲಿಲ್ಲ. ಮೂವತ್ತು ವರ್ಷ ಅವಳು ಮಕ್ಕಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಈಗ ನೋಡಿದರೆ ಆ ಗದ್ದಲದಲ್ಲಿ ಯಾವತ್ತಾದರೂ ಒಂದು ಮಗು ಸುಮ್ಮನಾಗಿದ್ದರೆ ಅದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ. 

ಮಗಳು ಬಂದು ಪಕ್ಕದಲ್ಲಿ ಕೂತಳು. 

"ನಾನು ಅಗಿಯೋದು ಎಲ್ಲಿ ಕಲ್ತೆ ಗೊತ್ತಾಮ್ಮ? ಪಕ್ಕದ ಮನೆ ಹಿತ್ತಲಲ್ಲಿ, ಸೀಬೆಕಾಯಿ ಕದ್ದು. ನಿಂಗೆ ಹೇಳಿದ್ರೆ ಕೊಂದೇಬಿಡ್ತೀಯ ಅಂತ ಭಯ. ಬಚ್ಚಿಟ್ಕೊಂಡು ಒಬ್ಳೇ ತಿಂತಿದ್ದೆ."

"ಒಬ್ಳೇನಾ!" ಮೆತ್ತಜ್ಜಿ ಅವಳ ತೋಳು ಹಿಡಿದುಕೊಂಡಳು.

"ಒಬ್ಳೇ. ಚಿಟುಕೀನೂ ಹಾಗೇ ಕಲೀಬೇಕಾ? ನಾನು ಕೊಡಬಹುದು. ಆದ್ರೆ ನೀನೇ ಕೊಡ್ಬೇಕಮ್ಮ. ನೀನು ಕೊಟ್ರೆ ಮಾತ್ರ ಅದು ತಿನ್ನೋ ವಸ್ತು ಅಂತ ಅವಳು ನಂಬೋದು."

ಮರುದಿನ ಮೆತ್ತಜ್ಜಿ ಚಿಟುಕಿಯನ್ನು ಕರೆದುಕೊಂಡು ಎಂದಿಗಿಂತ ಬೇಗ ಶಿಶುವಿಹಾರಕ್ಕೆ ಹೋದಳು. ಇನ್ನೂ ಯಾರೂ ಬಂದಿರಲಿಲ್ಲ. ಮಕ್ಕಳ ಬೆಳಗಿನ ಗಂಜಿಯನ್ನು ದೊಡ್ಡ ಪಾತ್ರೆಯಲ್ಲಿ ಒಲೆಗಿಟ್ಟಳು. ಒಂದು ಕ್ಯಾರೆಟ್ಟಿನ ಸಿಪ್ಪೆ ತೆಗೆದು, ಉದ್ದಕ್ಕೆ ಕಡ್ಡಿಯಂತೆ ಸೀಳಿ, ಕುದಿನೀರಿಗೆ ಹಾಕಿ ಬೇಗ ತೆಗೆದಳು. ಕೈ ತಾನಾಗಿಯೇ ತುರಿಮಣೆಯ ಕಡೆ ಹೋಯಿತು, ಅದನ್ನು ಎತ್ತಿ ಅಟ್ಟದ ಮೇಲಿಟ್ಟಳು. ಮೊಮ್ಮಗಳನ್ನು ಬೆಂಚಿನ ಮೇಲೆ ಕೂರಿಸಿ, ತಾನು ಎದುರಿಗೆ ಮಣೆ ಎಳೆದುಕೊಂಡು ಕೂತು, ಒಂದು ಕಡ್ಡಿಯನ್ನು ಆ ಪುಟ್ಟ ಕೈಗೆ ಕೊಟ್ಟಳು.

"ಇದನ್ನ ತುರೀಲಿಲ್ವಾ ಅಜ್ಜಿ?"

"ಇಲ್ಲ. ತುದಿ ಮಾತ್ರ ಕಚ್ಚು. ಹಲ್ಲಲ್ಲಿ ಪುಡಿ ಮಾಡು. ನಿನ್ನ ಬಾಯೊಳಗೇ ತುರಿಮಣೆ ಇದೆ."

ಚಿಟುಕಿ ನಾಲಗೆಯಿಂದ ಹಲ್ಲು ಮುಟ್ಟಿ ನೋಡಿಕೊಂಡಳು. ಆಮೇಲೆ ಶಿಶುವಿಹಾರದ ನಿಯಮ ನೆನಪಾಗಿ ಕೇಳಿದಳು: "ತಿಂತಾ ಏನು ಮಾತಾಡ್ಲಿ?"

 ಐವತ್ತನಾಲ್ಕು ವರ್ಷದಲ್ಲಿ ಯಾವ ಮಗುವಿಗೂ ಮೆತ್ತಜ್ಜಿ ಆ ಎರಡು ಮಾತು ಹೇಳಿರಲಿಲ್ಲ.

"ಏನೂ ಬೇಡ" ಎಂದಳು. "ಸುಮ್ನೆ ತಿನ್ನು."

ಚಿಟುಕಿ ಕಚ್ಚಿದಳು. ಕಟ್ ಎಂದು ಸಣ್ಣ ಸದ್ದಾಯಿತು. ಆಮೇಲೆ ಕೋಣೆಯಲ್ಲಿ ಸದ್ದೇ ಇಲ್ಲ. ಗೋಡೆಯ ಪಕ್ಕದ ಬೆಂಚಿನ ತುದಿಗೆ ಗುಂಡ ಬಂದು ಕೂತದ್ದು ಮೆತ್ತಜ್ಜಿಗೆ ಕಣ್ಣಂಚಿನಲ್ಲಿ ಗೊತ್ತಾಯಿತು. ಅವಳು ಚಿಟುಕಿಯ ದವಡೆಯನ್ನೇ ನೋಡುತ್ತಿದ್ದಳು. ಅದು ಒಮ್ಮೆ ಆಡಿತು, ನಿಂತಿತು, ಮತ್ತೆ ಆಡಿತು. ಬೆನ್ನ ಹಿಂದೆ ಗಂಜಿ ತಳ ಹಿಡಿಯುವ ವಾಸನೆ ಬಂತು. ಸೌಟು ಕೈಗೆಟುಕುವಷ್ಟೇ ದೂರದಲ್ಲಿತ್ತು. ಅವಳು ಎಣಿಸತೊಡಗಿದಳು. ಹತ್ತು. ಹದಿನೇಳು. ವಾಸನೆ ಗಾಢವಾಯಿತು, ಪಾತ್ರೆ ಚಟಚಟ ಎಂದಿತು. ಇಪ್ಪತ್ತಾರು. ಕೋಣೆಯಲ್ಲಿ ಹೊಗೆ ಸುತ್ತಿತು. ಮೂವತ್ತು ದಾಟಿತು. ಚಿಟುಕಿಯ ಗಂಟಲು ಏರಿ ಇಳಿಯಿತು, ಬಾಯಿ ಆ ಎಂದು ತೆರೆಯಿತು, ಒಳಗೆ ಏನೂ ಇರಲಿಲ್ಲ.

"ಆಯ್ತು!" ಎಂದಳು ಚಿಟುಕಿ. "ಅಜ್ಜಿ, ಗಂಜಿ ಸುಡ್ತಿದೆ! ತಿರುಗಿ ನೋಡು!"

"ಸುಡಲಿ ಬಿಡು" ಎಂದಳು ಮೆತ್ತಜ್ಜಿ. "ಇನ್ನೊಂದು ಸಲ ಕಚ್ಚು."

ಆ ಬೆಳಿಗ್ಗೆ ಮಕ್ಕಳಿಗೆ ಬ್ರೆಡ್ಡು ಹಾಲು ಸಿಕ್ಕಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಮೆತ್ತಜ್ಜಿಯ ಪಾತ್ರೆ ಕರಿಯಾಗಿದ್ದನ್ನು ಶಿಕ್ಷಕಿಯರು ಇಣುಕಿ ನೋಡಿ ಹೋದರು. ಮಧ್ಯಾಹ್ನ ಅವಳು ಎಂದಿನ ಮೆತ್ತನೆಯ ಊಟವನ್ನೇ ಬಡಿಸಿದಳು, ಆದರೆ ಸೌಟು ಬಡಿಯಲಿಲ್ಲ. ಸ್ವಲ್ಪ ಹೊತ್ತಿಗೆ ನಲವತ್ತೆರಡು ಬಾಯಿಗಳೂ ಸುಮ್ಮನಾದವು. ಅವಳು ಹೋಗಿ ಗೋಡೆಯ ಪಕ್ಕದ ಬೆಂಚಿನ ತುದಿಯಲ್ಲಿ, ಆ ಖಾಲಿ ಜಾಗಕ್ಕೆ ಅಂಟಿಕೊಂಡು, ಮಕ್ಕಳ ಕಡೆ ಮುಖ ಮಾಡಿ ಕೂತಳು. ಗುಂಡ ಎದ್ದು ಹೋಗಲಿಲ್ಲ. ಅವಳೂ ಅವನಿಗೆ ಬೆನ್ನು ಮಾಡಲಿಲ್ಲ.