ಎಡಗಾಲಿಗೆ ಎರಡನೇ ಪಟ್ಟಿ

ಬೆಳಗಿನ ಐದೂವರೆ. ಗೋಧಿ ತುಂಬಿಡುವ ಎತ್ತರದ ಸೈಲೊ ಗೋಪುರಗಳ ಹಿಂದೆ ಇನ್ನೂ ಬೆಳಕು ಹರಿದಿಲ್ಲ. ಪೋರ್ಟ್ ಹಾಲ್ಡೇನ್ ಫುಟ್‌ಬಾಲ್ ಕ್ಲಬ್ಬಿನ ಆಟಗಾರರ ಕೋಣೆಯಲ್ಲಿ ಲೋರ್ನಾ ಟ್ರೆಗೆಂಜಾ ಮರದ ಮೇಜಿಗೆ ಹಳೆಯ ಟವೆಲ್ ಹಾಸುತ್ತಿದ್ದಾರೆ. ಪಕ್ಕದಲ್ಲಿ ಕತ್ತರಿ ಮತ್ತು ಅಂಟುಪಟ್ಟಿಯ ಸುರುಳಿಗಳು. ಕಣಕಾಲು ಉಳುಕದಂತೆ ಆಟಗಾರರಿಗೆ ಬಿಗಿಯಾಗಿ ಪಟ್ಟಿ ಕಟ್ಟುವುದು ಅವರ ಕೆಲಸ. ಮೂವತ್ತೊಂದು ವರ್ಷಗಳಿಂದ ಕಟ್ಟುತ್ತಿದ್ದಾರೆ.

ವಯಸ್ಸು ಅರವತ್ತಾರು. ಮೀನು ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿದ ಕೈಗಳು. ಅವರ ತಮ್ಮ ಲಿಂಡ್ಸೆ ಈ ತಂಡದಲ್ಲಿ ಆಡುತ್ತಿದ್ದಾಗ, ಪಟ್ಟಿ ಕಟ್ಟುವವರಿಲ್ಲವೆಂದು ಒಂದು ಶನಿವಾರ ಕೈಹಚ್ಚಿದವರು ಹಾಗೇ ಉಳಿದುಬಿಟ್ಟರು. ವಾರಕ್ಕೆ ನಲವತ್ತು ಜನ, ಎಂಬತ್ತು ಕಣಕಾಲು, ಹದಿನೆಂಟು ಸುರುಳಿ. ಸಂಬಳ ಎಂಬುದಿಲ್ಲ, ಪಂದ್ಯದ ದಿನ ಹೂರಣ ತುಂಬಿ ಬೇಯಿಸಿದ ಒಂದು ಬಿಸಿ ಪೇಸ್ಟಿ ಸಿಗುತ್ತದೆ. ಗೋಡೆಯ ಗೌರವ ಫಲಕದಲ್ಲಿ ನಾಯಕರ ಹೆಸರಿದೆ, ಗೋಲು ಹೊಡೆದವರ ಹೆಸರಿದೆ, ಬಾರ್ ಕಟ್ಟಿಸಿದವರ ಹೆಸರೂ ಇದೆ. ಲೋರ್ನಾ ಹೆಸರು ಮಾತ್ರ ಎಲ್ಲೂ ಇಲ್ಲ. ಅವರೂ ಹುಡುಕಿದವರಲ್ಲ.

ಇಲ್ಲಿನ ಫುಟ್‌ಬಾಲ್‌ನಲ್ಲಿ ಹಾರಿ ಚೆಂಡನ್ನು ಕೈಯಲ್ಲೂ ಹಿಡಿಯುತ್ತಾರೆ, ಮೈಗೆ ಮೈ ಡಿಕ್ಕಿಯಾಗುತ್ತಲೇ ಇರುತ್ತದೆ. ಆಟ ನಡೆಯುವಾಗ ಅವರು ಮೈದಾನದ ಕಡೆ ಹೆಚ್ಚು ನೋಡುವುದಿಲ್ಲ, ಕಿವಿ ಕೊಟ್ಟು ಕೂರುತ್ತಾರೆ. “ಭುಜಕ್ಕೆ ಭುಜ ತಾಗಿದ್ರೆ ಒಂಥರಾ ಸದ್ದು. ತಲೆ ತಾಗಿದ್ರೆ ಬೇರೇನೇ. ಅದು ಕೇಳಿದ್ರೆ ಮಾತ್ರ ಎದ್ದು ನೋಡ್ತೀನಿ,” ಅನ್ನುತ್ತಾರೆ.

ಕಳೆದ ಶನಿವಾರದ ಅಭ್ಯಾಸ ಪಂದ್ಯದಲ್ಲಿ ಆ ಸದ್ದು ಕೇಳಿಸಿತ್ತು. ಬಿದ್ದವನು ಹತ್ತೊಂಬತ್ತರ ಕೋಬಿ ನಾಂಕಿವೆಲ್, ಊರಿನವರ ಕಣ್ಮಣಿ.

ಹೊರಗೆ ಬೇಲಿಗೊರಗಿದವರ ನಡುವೆ ಆಗಲೇ ವಾದ ಎದ್ದಿದೆ. ಇವತ್ತು ಬಿಸಿಲೇರುವ ಮುಂಚೆ ತಮ್ಮತಮ್ಮಲ್ಲೇ ಕೊನೆಯ ಅಭ್ಯಾಸ ಪಂದ್ಯ, ಹನ್ನೊಂದಕ್ಕೆ ತಂಡದ ಹೆಸರುಗಳು ಹಲಗೆಯ ಮೇಲೇರುತ್ತವೆ. ಮುಂದಿನ ಶನಿವಾರ ಋತುವಿನ ಮೊದಲ ಪಂದ್ಯ. ಅದನ್ನು ನೋಡಲು ಅಡಿಲೇಡ್‌ನ ದೊಡ್ಡ ಕ್ಲಬ್ಬೊಂದರ ಆಯ್ಕೆಗಾರ ಬರುತ್ತಾನಂತೆ. ಖಾಲಿ ಇರುವುದು ಒಂದೇ ಜಾಗ, ಪೈಪೋಟಿ ಕೋಬಿ ಮತ್ತು ಟೈಸನ್ ಎಂಬ ಇನ್ನೊಬ್ಬ ಹುಡುಗನ ನಡುವೆ.

“ಕೋಬಿನ ಕೈಬಿಟ್ರೆ ಕೋಚ್ ತಲೇಲಿ ಹೊಟ್ಟು ತುಂಬಿದೆ ಅಂತಾನೇ ಲೆಕ್ಕ,” ಅನ್ನುತ್ತಾನೆ ನಿವೃತ್ತ ಟ್ರ್ಯಾಕ್ಟರ್ ಮೆಕ್ಯಾನಿಕ್ ಡಗ್ ಪೆನ್ರೋಸ್.

“ನಿಂಗೆ ಎಡಗಾಲಲ್ಲಿ ಒದೆಯೋರೆಲ್ಲ ದೇವ್ರು,” ಬೇಕರಿಯ ಥೆಲ್ಮಾ ಬಿಡುವುದಿಲ್ಲ. “ಆ ಟೈಸನ್ ಎತ್ತರ ನೋಡು ಮಾರಾಯ, ಚೆಂಡು ಹಿಡಿಯೋಕೆ ಏಣಿ ಬೇಡ.”

“ಹಿಡಿದು ಏನ್ಮಾಡ್ತಾನೆ? ನಿನ್ನ ಬಿಸಿ ಪೇಸ್ಟಿ ಕೈಗೆ ಬಂದಂಗೆ ಬಿಸಾಕ್ತಾನೆ!”

ನಗು ಏಳುತ್ತದೆ. ಮಡಚುವ ಕುರ್ಚಿಯಲ್ಲಿ ಕೂತ ಲಿಂಡ್ಸೆಯೂ ನಗುತ್ತಾನೆ. ಇನ್ನೂರ ಮೂವತ್ತು ಪಂದ್ಯ ಆಡಿದವನು, ಈಗ ಅರವತ್ತೊಂದು. ಎಷ್ಟು ಸಲ ತಲೆಗೆ ಪೆಟ್ಟು ತಿಂದನೋ ಯಾರೂ ಎಣಿಸಿಲ್ಲ. ಆಗೆಲ್ಲ ತಣ್ಣೀರು ಸುರಿದು ಮತ್ತೆ ಆಟಕ್ಕೆ ಕಳಿಸುತ್ತಿದ್ದರು. ಪಟ್ಟಿ ಕಟ್ಟಿ ಕಳಿಸುತ್ತಿದ್ದವರು ಅಕ್ಕನೇ.

“ಕೆವ್ ಮೊಲೊನಿನ ಆಡಿಸಿ,” ಅನ್ನುತ್ತಾನೆ ಲಿಂಡ್ಸೆ. “ಅವನಿದ್ರೆ ಗೆದ್ದಂಗೆ.”

ಲಿಂಡ್ಸೆ ಜೊತೆ ಆಡುತ್ತಿದ್ದ ಕೆವ್ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಎಲ್ಲರೂ ಮೈದಾನದ ಕಡೆ ನೋಡುತ್ತಾರೆ. “ಹೌದು ಲಿಂಡ್ಸೆ, ಕೆವ್ ಇದ್ರೆ ಚಿಂತೆ ಇಲ್ಲ,” ಅನ್ನುತ್ತಾನೆ ಡಗ್, ಮೆಲ್ಲಗೆ.

ತಮ್ಮನನ್ನು ಮನೆಯಲ್ಲಿ ಒಬ್ಬನನ್ನೇ ಬಿಡಲು ಲೋರ್ನಾಗೆ ಧೈರ್ಯವಿಲ್ಲ. ಒಲೆ ಹಚ್ಚಿ ಮರೆಯುತ್ತಾನೆ. ಹೋದ ತಿಂಗಳು ಅಕ್ಕನ ಮುಖವನ್ನೇ ಬಹಳ ಹೊತ್ತು ದಿಟ್ಟಿಸಿ, “ನೀವ್ಯಾರಮ್ಮ?” ಎಂದು ಮರ್ಯಾದೆಯಿಂದಲೇ ಕೇಳಿದ್ದ. ಆ ಮರ್ಯಾದೆಯೇ ಅವರನ್ನು ಹೆಚ್ಚು ಹೆದರಿಸಿದ್ದು.

ಈಗಿನ ಪದ್ಧತಿ ಬೇರೆ. ಫೆಬ್ರುವರಿಯಲ್ಲಿ ಪ್ರತಿ ಆಟಗಾರನ ನೆನಪಿನ ಪರೀಕ್ಷೆ ನಡೆಯುತ್ತದೆ. ಹಗ್ಗ, ಕಿತ್ತಳೆ, ಬಕೆಟ್, ಏಣಿ, ಉಪ್ಪು ಎಂದು ಐದು ಪದ ಓದಿ, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಾರೆ. ತಲೆಗೆ ಪೆಟ್ಟಾದಾಗ ಲೋರ್ನಾ ಮತ್ತೆ ಕೇಳಿ, ಹೋಲಿಸಿ, ಸಹಿ ಹಾಕಬೇಕು. ಅಂಕ ಇಳಿದರೆ ಇಪ್ಪತ್ತೊಂದು ದಿನ ಆಟವಿಲ್ಲ. ಹುಡುಗರೂ ಕಡಿಮೆಯವರಲ್ಲ. ಫೆಬ್ರುವರಿಯಲ್ಲೇ ಬೇಕೆಂದು ಮರೆತವರಂತೆ ನಟಿಸುತ್ತಾರೆ. ಆಗಲೇ ಅಂಕ ಕಡಿಮೆಯಿದ್ದರೆ ಮುಂದೆ ಇಳಿಯುವುದು ಎಲ್ಲಿಂದ?

ಕೋಬಿ ಫೆಬ್ರುವರಿಯಲ್ಲಿ ಹೇಳಿದ್ದು ಎರಡು ಪದ. ಊರಿನ ಅರ್ಧ ಜನರ ಹುಟ್ಟಿದ ದಿನ ಬಾಯಲ್ಲೇ ಹೇಳುವ ಹುಡುಗ! ಕಳೆದ ಶನಿವಾರ ಬಿದ್ದೆದ್ದ ಮೇಲೂ ಎರಡೇ. ಕಾಗದದ ಪ್ರಕಾರ ಎಲ್ಲ ಸರಿ. ಇದು ನಾಟಕವಿರಬಹುದು ಎಂದು ಲೋರ್ನಾಗೆ ಅನಿಸಿತ್ತು. ಆದರೂ ಆಡಬಹುದೆಂದು ಸಹಿ ಹಾಕಿದರು. ಆಮೇಲೆ ಒಂದು ವಾರ ಸರಿಯಾಗಿ ನಿದ್ದೆಯಿಲ್ಲ.

ಆರು ಗಂಟೆಗೆ ಕೋಬಿ ಬಂದು ಮೇಜಿನ ಮೇಲೆ ಕೂರುತ್ತಾನೆ. ಲೋರ್ನಾ ಎಡಗಾಲಿಗೆ ಪಟ್ಟಿ ಸುತ್ತಿ, ಹೊಸ ಸುರುಳಿ ತೆಗೆಯಲು ತಿರುಗುತ್ತಾರೆ.

“ಎಡಗಾಲು ಮೊದ್ಲು ಕಟ್ಟು ಲೋರ್ನ್,” ಅನ್ನುತ್ತಾನೆ ಕೋಬಿ.

ಲೋರ್ನಾ ಅವನ ಮುಖ ನೋಡುತ್ತಾರೆ. ತಮಾಷೆಯಿಲ್ಲ. ಈಗಷ್ಟೇ ಕಟ್ಟಿದ ಕಾಲನ್ನೇ ಮತ್ತೆ ಮುಂದೆ ಚಾಚಿದ್ದಾನೆ.

“ಕೆಳಗೆ ನೋಡು ಮಗಾ.”

ಅವನು ನೋಡುತ್ತಾನೆ. ಕಿವಿ ಕೆಂಪಾಗುತ್ತದೆ. “ನಿದ್ದೆಗಣ್ಣು ಅಷ್ಟೇ.”

“ಫೆಬ್ರುವರೀಲಿ ನಾಟಕ ಆಡ್ದೆ ತಾನೇ?”

“ಎಲ್ರೂ ಆಡ್ತಾರೆ.”

“ಹೋದ ವಾರ? ಅದೂ ನಾಟಕಾನಾ?”

ಕೋಬಿ ಕಾಲಿನ ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತಾನೆ. “ಹೋದ ವಾರ ಐದೂ ಹೇಳ್ಬೇಕು ಅಂದ್ಕೊಂಡೆ. ಬರ್ಲೇ ಇಲ್ಲ.” ಆಮೇಲೆ ಅವರ ಕೈ ಹಿಡಿದುಕೊಳ್ಳುತ್ತಾನೆ. “ಹೇಳ್ಬೇಡ ಲೋರ್ನ್. ಅಡಿಲೇಡ್‌ನೋರು ಎರಡನೇ ಸಲ ಬರಲ್ಲ. ನಿನ್ನ ಕಾಲಿಗೆ ಬೀಳ್ತೀನಿ.”

ಲೋರ್ನಾ ಕೈ ಬಿಡಿಸಿಕೊಂಡು ನೇರ ಕೋಚ್ ಬಳಿ ಹೋಗಿ ಎಲ್ಲ ಹೇಳುತ್ತಾರೆ.

“ಕಾಗದದಲ್ಲಿ ಪಾಸಾಗಿದ್ದಾನಲ್ಲ? ಸಹಿ ನಿಂದೇ,” ಅನ್ನುತ್ತಾನೆ ಕೋಚ್.

“ನಂದೇ. ತಪ್ಪು ಸಹಿ ಅದು. ನಂಗೆ ಅವತ್ತೇ ಅನುಮಾನ ಇತ್ತು, ಬಾಯಿ ಬಿಡ್ಲಿಲ್ಲ. ಬೇಕಾದ್ರೆ ನನ್ನ ತೆಗೆದುಹಾಕಿ. ಅವನು ಮಾತ್ರ ಇವತ್ತು ಮೈದಾನಕ್ಕೆ ಇಳಿಯಂಗಿಲ್ಲ.”

ಇವತ್ತಿನ ಅಭ್ಯಾಸ ಪಂದ್ಯದ ಹಲಗೆಯಿಂದ ಕೋಬಿಯ ಹೆಸರಿನ ಬಿಲ್ಲೆಯನ್ನು ಅವರೇ ಕಿತ್ತು ಕೋಚ್ ಕೈಗಿಡುತ್ತಾರೆ. ಥೆಲ್ಮಾ ಹುಡುಗನನ್ನು ತನ್ನ ವ್ಯಾನ್ ಹತ್ತಿಸುತ್ತಾಳೆ. ಆಸ್ಪತ್ರೆ ಐವತ್ತು ಕಿಲೋಮೀಟರ್ ದೂರ. ವ್ಯಾನಿನ ಬಾಗಿಲು ಹಾಕುವ ಮುಂಚೆ ಕೋಬಿ ಕೂಗುತ್ತಾನೆ: “ನನ್ನ ಜೀವನ ಹಾಳ್ಮಾಡ್ದೆ ಲೋರ್ನ್! ಸಾಯೋವರೆಗೂ ಮರೆಯಲ್ಲ!”

ಬೇಲಿಯ ಬಳಿ ಗುಸುಗುಸು ನಿಲ್ಲುವುದಿಲ್ಲ. “ಒಂದು ಕಾಲು ಮರೆತಿದ್ದಕ್ಕೆ ಇಷ್ಟೆಲ್ಲಾನಾ? ನಾನು ಹೆಂಡ್ತಿ ಹುಟ್ಟಿದ ದಿನಾನೇ ಮರೀತೀನಿ,” ಅನ್ನುತ್ತಾನೆ ಡಗ್. ಪಕ್ಕದಲ್ಲಿ ಲಿಂಡ್ಸೆ ಇರುವುದು ಆಮೇಲೆ ಹೊಳೆದು ಬಾಯಿ ಮುಚ್ಚುತ್ತಾನೆ.

ಹನ್ನೊಂದಕ್ಕೆ ಟೈಸನ್ ಹೆಸರು ಹಲಗೆ ಏರುತ್ತದೆ. ಚಪ್ಪಾಳೆ ಅಷ್ಟಕ್ಕಷ್ಟೇ. ಆಸ್ಪತ್ರೆಯಿಂದ ಇನ್ನೂ ಸುದ್ದಿಯಿಲ್ಲ. ಲೋರ್ನಾ ನೆಲದ ಮೇಲಿನ ಪಟ್ಟಿಯ ಚೂರುಗಳನ್ನು ಗುಡಿಸುತ್ತಾ ಪದೇಪದೇ ಫೋನ್ ನೋಡುತ್ತಾರೆ. ಒಂದು ವಾರ ತಡವಾಯಿತೇ ಎಂಬ ಭಯ ಅವರನ್ನು ಬಿಟ್ಟಿಲ್ಲ.

ಊರಿನವರ ಸಿಟ್ಟಿನ ಬಗ್ಗೆ ಕೇಳಿದರೆ ಭುಜ ಕುಣಿಸುತ್ತಾರೆ. ಕೋಬಿಯ ಸಿಟ್ಟಿನ ಬಗ್ಗೆ ಕೇಳಿದಾಗ ಮಾತ್ರ ಪೊರಕೆ ನಿಲ್ಲುತ್ತದೆ.

“ಸಾಯೋವರೆಗೂ ಮರೆಯಲ್ಲ ಅಂದ ಅಲ್ವಾ? ಆ ಮಾತು ನಿಜ ಆದ್ರೆ ಸಾಕು. ತನಗೆ ಅರವತ್ತು ವಯಸ್ಸಾದ್ಮೇಲೂ ನನ್ನ ಹೆಸರು ಹಿಡಿದು ಬೈಬೇಕು ಅವನು. ನಂಗೆ ಅಷ್ಟೇ ಬೇಕಾಗಿರೋದು.”